ಎಂಜಿನ್ನಿಗೆ ಹೆಸರಿತ್ತ ರುಡಾಲ್ಫ್ ಡೀಸೆಲ್

ಸುರಪುರ ತಾಲೂಕಿನ ನಮ್ಮ ಹೊಲದ ಬಾವಿಯ ಮೇಲೆ ಅಜ್ಜನವರ ಕಾಲದ ಎಣ್ಣೆ ಎಂಜಿನ್ ಒಂದಿತ್ತು. ನಾನು ಚಿಕ್ಕವನಿದ್ದಾಗ ಒಂದು ಬೇಸಗೆಯಲ್ಲಿ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ, ಅದು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಶಹಾಪುರದಿಂದ ಬಂದ ಮಿಸ್ತ್ರಿ ಟಾಕಿಯೊಳಗಿನ ಎಣ್ಣೆಯನ್ನು ಬೆರಳಿಗೆ ಸವರಿ, ಮೂಸಿ, ಇದರಲ್ಲಿ ಚಿಮಣಿ ಎಣ್ಣೆ ಬೆರೆತಿದೆಯೆಂದು ತಲೆಯಾಡಿಸಿದ. ಎಣ್ಣೆ ದೂಡುವ ಪಂಪು ಸವೆದುಹೋಗಿತ್ತು. ಆ ಪಂಪಿಗೆ ಜಿಡ್ಡು ಒದಗಿಸುವುದು ಡೀಸೆಲ್ ಎಣ್ಣೆಯೇ. ತೆಳುವಾದ ಚಿಮಣಿ ಎಣ್ಣೆಗೆ ಆ ಗುಣ ಕಡಿಮೆ. ಯಾದಗಿರಿಯಿಂದ ಬಿಡಿಭಾಗ ಬರುವಷ್ಟರಲ್ಲಿ ಎಂಟು ದಿನ ಕಳೆದು ಅರ್ಧ ಬೆಳೆ ಒಣಗಿತ್ತು. ಅಜ್ಜನವರು ಯಾರನ್ನೂ ಬೈಯಲಿಲ್ಲ. ಬದುವಿನ ಮೇಲೆ ಸುಮ್ಮನೆ ಕುಳಿತಿದ್ದರು. ಆ ಮೌನ ನನಗೆ ಇಂದಿಗೂ ಮರೆತಿಲ್ಲ.

ಮುಂದೆ ಕಾಲೇಜಿಗೆ ಬಂದ ಮೇಲೆ, ಡೀಸೆಲ್ ಎಂಬುದು ಮೊದಲು ಎಣ್ಣೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರೆಂದು ಓದಿ ಬೆರಗಾದೆ. ಆ ಮಹನೀಯನ ಕಥೆಯನ್ನು ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನರು, ತಂದೆ ಚರ್ಮದ ಸಾಮಾನು ತಯಾರಿಸಿ ಜೀವನ ಸಾಗಿಸುತ್ತಿದ್ದ ಕಸುಬುದಾರ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಜರ್ಮನರು ಆ ಊರು ಬಿಡಬೇಕಾಯಿತು. ಕುಟುಂಬವು ಲಂಡನ್ನಿಗೆ ಹೋಯಿತು. ಹನ್ನೆರಡು ವರ್ಷದ ಬಾಲಕನನ್ನು ಜರ್ಮನಿಯ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಬಡತನದಲ್ಲೇ ಓದಿ 1880ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಿಂದ ಅತ್ಯುತ್ತಮ ದರ್ಜೆಯಲ್ಲಿ ತೇರ್ಗಡೆಯಾದನು.

ಅಲ್ಲಿ ಗುರುಗಳಾದ ಲಿಂಡೆಯವರ ಪಾಠ ಕೇಳುವಾಗ ಅವನ ಮನಸ್ಸಿಗೆ ಒಂದು ಮಾತು ನಾಟಿತು. ಅಂದಿನ ಹಬೆ ಎಂಜಿನ್ನುಗಳು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನಷ್ಟೇ ಕೆಲಸವಾಗಿ ಪರಿವರ್ತಿಸುತ್ತಿದ್ದವು, ಉಳಿದುದೆಲ್ಲ ವ್ಯರ್ಥ. ಈ ನಷ್ಟವನ್ನು ತಪ್ಪಿಸುವುದೇ ಅವನ ಬಾಳಿನ ಗುರಿಯಾಯಿತು. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕೆಂಪಗೆ ಕಾಯುತ್ತದೆ. ಆ ಕಾವಿಗೆ ಎಣ್ಣೆ ಚಿಮ್ಮಿಸಿದರೆ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ಅವನ ಎಂಜಿನ್ನಿನ ಗುಟ್ಟು. 1893ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

ಆದರೆ ಯಾವ ಇಂಧನ? ಮೊದಲು ಕಲ್ಲಿದ್ದಲಿನ ಪುಡಿಯ ಕನಸು ಕಂಡಿದ್ದನು, ಅದು ಫಲಿಸಲಿಲ್ಲ. 1893ರ ಆಗಸ್ಟಿನಲ್ಲಿ ಪೆಟ್ರೋಲು ಚಿಮ್ಮಿಸಿದಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಎದೆಗುಂದದೆ ಮತ್ತೆ ಮತ್ತೆ ಯತ್ನಿಸಿ, 1897ರ ಫೆಬ್ರವರಿಯಲ್ಲಿ ಸೀಮೆಎಣ್ಣೆಯಿಂದ ಎಂಜಿನ್ ನಡೆಸಿ, ನೂರಕ್ಕೆ 26 ಪಾಲು ಶಾಖವನ್ನು ಕೆಲಸಕ್ಕೆ ತಂದು ತೋರಿಸಿದನು. 1900ರ ಪ್ಯಾರಿಸ್ ಪ್ರದರ್ಶನದಲ್ಲಂತೂ ಅವನ ವಿಧಾನದ ಪುಟ್ಟ ಎಂಜಿನ್ ಒಂದು ಶೇಂಗಾ ಎಣ್ಣೆಯಿಂದ ಓಡಿತು! ನಮ್ಮ ಗಾಣದ ಎಣ್ಣೆಯಿಂದ ಯಂತ್ರ ನಡೆದೀತೆಂದರೆ ಅಜ್ಜನವರು ನಂಬುತ್ತಿದ್ದರೋ ಇಲ್ಲವೋ! ಮುಂದೊಮ್ಮೆ ಬೆಳೆಯ ಎಣ್ಣೆಗಳಿಗೂ ಮಹತ್ವ ಬರುವುದೆಂದು ಡೀಸೆಲ್ ನಂಬಿದ್ದನು. ಎಷ್ಟೋ ಕಾಲದ ತರುವಾಯ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಎಂಜಿನ್ ನಡೆಸಿ ಆ ನಂಬಿಕೆಗೆ ಬಲ ತಂದರು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಪೆಟ್ರೋಲು ಎಂಜಿನ್ನಿನಲ್ಲಿ ಕಿಡಿ ಬೀಳುವವರೆಗೆ ಇಂಧನ ಹೊತ್ತಕೂಡದು. ಮೊದಲೇ ಹೊತ್ತಿದರೆ ಎಂಜಿನ್ ಟಕಟಕ ಬಡಿದುಕೊಂಡು ಹಾಳಾಗುತ್ತದೆ. ಈ ತಾಳ್ಮೆಯ ಅಳತೆಗೆ ಆಕ್ಟೇನ್ ಎನ್ನುತ್ತಾರೆ. ಅದನ್ನು ಹೆಚ್ಚಿಸಲು 1921ರಲ್ಲಿ ಅಮೆರಿಕದ ಮಿಡ್ಜ್‌ಲಿ ಸೀಸದ ಸಂಯುಕ್ತವನ್ನು ಕಂಡುಹಿಡಿದನು. ಆದರೆ ಸೀಸ ವಿಷ. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಡೀಸೆಲ್ ಎಣ್ಣೆಗೆ ಬೇಕಾದ ಗುಣ ಇದಕ್ಕೆ ತದ್ವಿರುದ್ಧ: ಅದು ಬೇಗ ತಾನಾಗಿ ಹೊತ್ತಬೇಕು, ಅದರ ಅಳತೆ ಸೀಟೇನ್. ಆದುದರಿಂದ ಒಂದಕ್ಕೆ ಅಮೃತವಾದುದು ಇನ್ನೊಂದಕ್ಕೆ ವಿಷ. ಬೆಲೆ ಹೆಚ್ಚಿದ ಮಾತ್ರಕ್ಕೆ ಎಣ್ಣೆ ಒಳ್ಳೆಯದಾಗದು. ಎಂಜಿನ್ನಿಗೆ ತಕ್ಕುದೇ ಒಳ್ಳೆಯದು.

ಲೋಕಕ್ಕೆ ಉಳಿತಾಯ ಕಲಿಸಿದವನು ತನ್ನ ಹಣವನ್ನು ಉಳಿಸಲಾರದೆ ಹೋದನು. ಕೈಹಾಕಿದ ವ್ಯವಹಾರಗಳು ಕೆಟ್ಟವು, ಸಾಲ ಏರಿತು, ಆರೋಗ್ಯ ಕುಗ್ಗಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟವನು, ಊಟ ಮುಗಿಸಿ ತನ್ನ ಕೋಣೆಗೆ ಹೋದನು, ಬೆಳಗ್ಗೆ ಅಲ್ಲಿರಲಿಲ್ಲ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ದೇಹ ಕಂಡಿತು. ಜೇಬಿನ ವಸ್ತುಗಳಿಂದ ಮಗ ಗುರುತಿಸಿದನು. ಆಗ ಅವನಿಗೆ 55 ವರ್ಷ.

ಇಂದು ಶಹಾಪುರದ ಹಾದಿಯಲ್ಲಿ ಹತ್ತಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಸದ್ದು ಕೇಳಿದಾಗಲೆಲ್ಲ ನನಗೆ ಆ ಏಕಾಂಗಿಯ ನೆನಪಾಗುತ್ತದೆ. ಒಂದು ತೊಟ್ಟು ಎಣ್ಣೆಯೂ ವ್ಯರ್ಥವಾಗಬಾರದೆಂದು ಅವನು ಬಾಳನ್ನೇ ತೇಯ್ದನು. ನಾವೋ ಲಾಭದಾಸೆಗೆ ಅದೇ ಎಣ್ಣೆಯಲ್ಲಿ ಕಲಬೆರಕೆ ಮಾಡುತ್ತೇವೆ. ಅದರ ಬೆಲೆ ತೆರುವವನು ಬದುವಿನ ಮೇಲೆ ಕುಳಿತ ರೈತ.