ಮೂರು ಹರಳಿನ ಹಾಳೆ ಜೋಡಿಸಿದ ಪಂಚರತ್ನಂ: ಬೆಂಗಳೂರಿನ ಲೆಕ್ಕ ಈಗ ಚಿಲಿಯ ಬೆಟ್ಟದ ಮೇಲೆ

ಬೆಂಗಳೂರಿಂದ ಮೈಸೂರಿಗೆ ರೈಲು ಹತ್ತಿದರೆ ರಾಮನಗರ, ಚನ್ನಪಟ್ಟಣ ದಾಟಿಯೇ ಹೋಗಬೇಕು. ಈ ದಾರಿಯ ಎರಡೂ ತುದಿಯಲ್ಲಿ ಕೆಲಸ ಮಾಡಿದ ವಿಜ್ಞಾನಿ ಎಸ್. ಪಂಚರತ್ನಂ. ಬದುಕಿದ್ದು ಬರೀ 35 ವರ್ಷ.

1934ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದ ಪಂಚರತ್ನಂ, ಸರ್ ಸಿ.ವಿ. ರಾಮನ್ ಅವರ ಸೋದರಳಿಯ. ಚಿಕ್ಕ ವಯಸ್ಸಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ಹರಳಿನೊಳಗೆ ಬೆಳಕು ಹೇಗೆ ಸಾಗುತ್ತೆ ಅನ್ನೋದೇ ಅವರ ವಿಷಯ.

ಹಗ್ಗವನ್ನು ಮೇಲೆ ಕೆಳಗೆ ಅಲ್ಲಾಡಿಸಬಹುದು, ಅಕ್ಕಪಕ್ಕ ಅಲ್ಲಾಡಿಸಬಹುದು, ಗುಂಡಗೆ ತಿರುಗಿಸಲೂಬಹುದು. ಬೆಳಕಿನ ಅಲೆಯೂ ಹಾಗೆಯೇ. ಇದಕ್ಕೆ ಧ್ರುವೀಕರಣ ಅಂತಾರೆ. ಕೆಲವು ಹರಳಿನ ಹಾಳೆಗಳು ಒಂದು ಬಗೆಯನ್ನು ಇನ್ನೊಂದು ಬಗೆಗೆ ಬದಲಿಸುತ್ತವೆ. ತೊಂದರೆ ಏನಂದ್ರೆ, ಒಂದು ಹಾಳೆ ಒಂದು ಬಣ್ಣಕ್ಕೆ ಮಾತ್ರ ಸರಿ. ಬಣ್ಣ ಬದಲಾದರೆ ಲೆಕ್ಕ ತಪ್ಪುತ್ತೆ.

1955ರಲ್ಲಿ, 21ನೇ ವಯಸ್ಸಿನಲ್ಲಿ ಪಂಚರತ್ನಂ ದಾರಿ ಹುಡುಕಿದರು. ಒಂದೇ ಬಗೆಯ ಹರಳಿನ ಮೂರು ಹಾಳೆ ತಗೊಂಡು, ನಡುವಿನದನ್ನು ಲೆಕ್ಕ ಹಾಕಿ ಓರೆಯಾಗಿ ಕೂರಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತೆ. ಹಲವು ಬಣ್ಣಕ್ಕೂ ಒಂದೇ ಸಾಧನ ಸಾಕು. ರಾಮನಗರದ ರೇಷ್ಮೆ ಟ್ವಿಸ್ಟಿಂಗ್ ಘಟಕದವರಿಗೆ ಇದು ಬೇಗ ಅರ್ಥವಾದೀತು: ಎಳೆಗೆ ಬಿದ್ದ ಹುರಿಯನ್ನು ಎದುರು ಹುರಿ ಸರಿದೂಗಿಸಿದಾಗಲೇ ನೂಲು ಸುರುಳಿಯಾಗದೆ ನಿಲ್ಲೋದು.

ಮರುವರ್ಷ, ಎರಡು ಬೇರೆ ಬೇರೆ ಧ್ರುವೀಕರಣದ ಬೆಳಕು ಕೂಡಿದಾಗ ಏನಾಗುತ್ತೆ ಅಂತ ಇನ್ನೊಂದು ದೊಡ್ಡ ಪ್ರಬಂಧ ಬರೆದರು. ಬೆಂಗಳೂರಿನ ಪತ್ರಿಕೆಯಲ್ಲಿ ಅಚ್ಚಾದ ಅದನ್ನು ಹೊರಗಿನವರು ಹೆಚ್ಚಾಗಿ ಗಮನಿಸಲಿಲ್ಲ. ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಅಲ್ಲಿಂದ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡರು.

ಹೆಸರು ಬಂದದ್ದು ಆಮೇಲೆ. 1984ರಲ್ಲಿ ಮೈಕೆಲ್ ಬೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಹೊಸ ತತ್ತ್ವ ಪ್ರಕಟಿಸಿದರು. ಅದೇ ಮಾತು ಬೆಳಕಿನ ವಿಷಯದಲ್ಲಿ 1956ರಲ್ಲೇ ಬಂದಿತ್ತು ಅಂತ 1986ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ. ಬೆರ್ರಿಯೂ ಅದನ್ನು ಮನಸಾರೆ ಒಪ್ಪಿಕೊಂಡರು.

ಮೂರು ಹಾಳೆಯ ಉಪಾಯ ಈಗ ಬೆಳಕನ್ನೂ ದಾಟಿದೆ. ಚಿಲಿ ದೇಶದಲ್ಲಿ 5,200 ಮೀಟರ್ ಎತ್ತರದಲ್ಲಿರುವ ಸೈಮನ್ಸ್ ವೀಕ್ಷಣಾಲಯ, ವಿಶ್ವ ಹುಟ್ಟಿದ ಕಾಲದಿಂದ ಉಳಿದು ಬರುತ್ತಿರುವ ಮಿಲಿಮೀಟರ್ ಅಲೆಗಳನ್ನು ಅಳೆಯುತ್ತೆ. ಅಲ್ಲಿನ ಸಣ್ಣ ದೂರದರ್ಶಕಗಳಲ್ಲಿ ಅರ್ಧ ಮೀಟರ್ ಅಗಲದ ಮೂರು ನೀಲಮಣಿ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ತಿರುಗಿಸುತ್ತಾರೆ. ಹರಳು ದಪ್ಪವಾಗಿದೆ, ಅಲೆ ಉದ್ದವಾಗಿದೆ. ಜೋಡಿಸುವ ಕ್ರಮ ಮಾತ್ರ ಪಂಚರತ್ನಂ ಅವರದೇ.