ಆಕಾಶಮಾರ್ಗದ ಆಪದ್ಬಂಧು: ಏರ್ ಕಮೋಡೋರ್ ಮೆಹರ್ ಸಿಂಗ್

ಯೋಧರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ಗೆದ್ದ ನೆಲವನ್ನೂ ಕೆಡವಿದ ಶತ್ರುಗಳನ್ನೂ ಎಣಿಸುವುದುಂಟು. ಉಳಿಸಿದ ಪ್ರಾಣಗಳನ್ನು ಎಣಿಸುವ ಪದ್ಧತಿ ಅಪೂರ್ವ. ಆದರೆ ಭಾರತೀಯ ವಾಯುಪಡೆಯ ಆರಂಭಕಾಲದ ವೀರರಲ್ಲಿ ಒಬ್ಬರಾದ ಏರ್ ಕಮೋಡೋರ್ ಮೆಹರ್ ಸಿಂಗರ ಜೀವನವನ್ನು ಈ ಎರಡನೆಯ ಲೆಕ್ಕದಿಂದಲೇ ಅಳೆಯಬೇಕಾಗುತ್ತದೆ. ಯುದ್ಧವಿಮಾನವನ್ನು ನಡೆಸುವುದರಲ್ಲಿ ಅಸಮಾನರೆನಿಸಿದ್ದ ಅವರು ದೇಶದ ನೆನಪಿನಲ್ಲಿ ಉಳಿದಿರುವುದು, ಮುತ್ತಿಗೆಗೆ ಸಿಕ್ಕಿದ ಊರುಗಳಿಗೆ ಅನ್ನವನ್ನೂ ಅಭಯವನ್ನೂ ಹೊತ್ತು ತಂದವರಾಗಿ.

ಮೆಹರ್ ಸಿಂಗರು ಜನಿಸಿದ್ದು 1915ರ ಮಾರ್ಚ್ 20ರಂದು, ಅವಿಭಜಿತ ಪಂಜಾಬಿನ ಲಾಯಲ್‌ಪುರ ಜಿಲ್ಲೆಯಲ್ಲಿ. ಕಾಲುವೆ ನೀರಾವರಿಯಿಂದ ಹಸುರಾಗಿದ್ದ ಆ ಸೀಮೆ ಇಂದು ಪಾಕಿಸ್ತಾನಕ್ಕೆ ಸೇರಿದೆ. ಅವರ ವಿದ್ಯಾರ್ಥಿದೆಸೆಯಲ್ಲಿ ಭಾರತೀಯ ವಾಯುಪಡೆಯೆಂಬುದು ಇನ್ನೂ ತೊಟ್ಟಿಲ ಕೂಸು. 1932ರಲ್ಲಿ ಹುಟ್ಟಿದ ಆ ಪಡೆಗೆ ಬೆರಳೆಣಿಕೆಯ ಅಧಿಕಾರಿಗಳೂ ಹಳೆಯ ವಾಪಿಟಿ ವಿಮಾನಗಳೂ ಮಾತ್ರ ಇದ್ದವು. ಭಾರತೀಯರು ವಿಮಾನ ನಡೆಸಬಲ್ಲರೇ ಎಂಬ ಸಂಶಯ ಆಳುವವರಲ್ಲಿ ಅನೇಕರಿಗಿದ್ದ ಕಾಲವದು. ಇಂಥ ಸಂದರ್ಭದಲ್ಲಿ, 1934ರಲ್ಲಿ, ಮೆಹರ್ ಸಿಂಗರು ಇಂಗ್ಲೆಂಡಿನ ಕ್ರಾನ್‌ವೆಲ್ ವಿದ್ಯಾಲಯಕ್ಕೆ ಆಯ್ಕೆಯಾದರು. 1936ರಲ್ಲಿ ಅಧಿಕಾರಿಯಾಗಿ ಹೊರಬಂದು ವಾಯುಪಡೆಯ ಒಂದನೆಯ ಸ್ಕ್ವಾಡ್ರನ್‌ಗೆ ಸೇರಿದರು. ಸಂಶಯಕ್ಕೆ ಅವರು ಕೊಟ್ಟ ಉತ್ತರ ವಾದದ್ದಲ್ಲ, ಕಾರ್ಯದ್ದು.

ವಾಯವ್ಯ ಗಡಿನಾಡಿನ ಬೋಳು ಬೆಟ್ಟಗಳ ನಡುವೆ ಅವರ ಮೊದಲ ಪರೀಕ್ಷೆ ನಡೆಯಿತು. ಒಮ್ಮೆ ಕೆಳಗಿನಿಂದ ಹಾರಿಬಂದ ಗುಂಡು ಅವರ ವಿಮಾನದ ಇಂಧನದ ತೊಟ್ಟಿಗೆ ತಗುಲಿ, ಬುಡಕಟ್ಟಿನವರ ನೆಲದಲ್ಲೇ ವಿಮಾನವನ್ನು ಬಲವಂತವಾಗಿ ಇಳಿಸಬೇಕಾಯಿತು. ಮೆಹರ್ ಸಿಂಗರೂ ಅವರ ಸಂಗಡಿಗನೂ ಕತ್ತಲಲ್ಲಿ ಕಲ್ಲುಬಂಡೆಗಳ ಮರೆಯಲ್ಲಿ ನಡೆದು ಸೇನೆಯ ನೆಲೆಯನ್ನು ಮುಟ್ಟಿದರು. ದಾರಿ ತಪ್ಪಿದವನ, ನಾಲ್ಕು ಕಡೆಯೂ ಭಯವೇ ಸುತ್ತಿದವನ ಮನಸ್ಸು ಹೇಗಿರುತ್ತದೆಂಬುದನ್ನು ಅವರು ಆ ರಾತ್ರಿ ಸ್ವತಃ ಅರಿತರು. ಮುಂದೆ ಸಾವಿರಾರು ಮಂದಿಯ ಪಾಲಿಗೆ ಬಂದ ಅಂಥದೇ ಸ್ಥಿತಿಯಲ್ಲಿ ಅವರಿಗೆ ನೆರವಾಗುವ ಕರ್ತವ್ಯ ಇವರ ಹೆಗಲಿಗೇ ಬಂದಿತು.

ಎರಡನೆಯ ಮಹಾಯುದ್ಧದಲ್ಲಿ, 1942ರ ಡಿಸೆಂಬರಿನಲ್ಲಿ ತಿರುಚಿನಾಪಳ್ಳಿಯಲ್ಲಿ ಸ್ಥಾಪಿತವಾದ ಆರನೆಯ ಸ್ಕ್ವಾಡ್ರನ್‌ಗೆ ಮೆಹರ್ ಸಿಂಗರೇ ಮೊದಲ ನಾಯಕರಾದರು. ಹರಿಕೇನ್ ವಿಮಾನಗಳಲ್ಲಿ ಅರಕಾನಿನ ಕಾಡುಗಳ ಮೇಲೆ ಹಾರಿ, ಜಪಾನಿ ಪಡೆಗಳ ಚಲನವಲನಗಳನ್ನು ಚಿತ್ರಸಮೇತ ತಂದೊಪ್ಪಿಸುವುದು ಅವರ ತಂಡದ ಕೆಲಸ. ಹದಿನಾಲ್ಕನೆಯ ಸೇನೆಗೆ ಕಣ್ಣುಗಳಂತಿದ್ದ ತಂಡವೆಂಬ ಕೀರ್ತಿ ಅದಕ್ಕೆ ಬಂದಿತು. 1944ರಲ್ಲಿ ಅವರಿಗೆ ಡಿ.ಎಸ್.ಓ. ಪದವಿ ಲಭಿಸಿತು. ಈ ಗೌರವವನ್ನು ಪಡೆದ ಭಾರತೀಯ ವಾಯುಪಡೆಯ ಅಧಿಕಾರಿ ಅವರೊಬ್ಬರೇ. ಸಹೋದ್ಯೋಗಿಗಳು ಅವರನ್ನು ಬಾಬಾ ಎಂದು ಕರೆಯುತ್ತಿದ್ದರು. ಪಂಜಾಬಿನಲ್ಲಿ ಅದು ಹಿರಿಯರಿಗೂ ಸಂತರಿಗೂ ಸಲ್ಲುವ ಮಾತು. ಮೂವತ್ತರ ಹರೆಯವನ್ನೂ ಮುಟ್ಟದವನಿಗೆ ಈ ಹೆಸರು ಒಪ್ಪಿತೆಂದರೆ, ಆ ಯುವಕರ ಸಂಸಾರಕ್ಕೆ ಅವರು ಯಜಮಾನನಂತೆ ಇದ್ದರೆಂದೇ ತಿಳಿಯಬೇಕು.

1947ರಲ್ಲಿ ದೇಶ ಸ್ವತಂತ್ರವಾಯಿತು; ಜೊತೆಯಲ್ಲೇ ಇಬ್ಭಾಗವೂ ಆಯಿತು. ಮೆಹರ್ ಸಿಂಗರ ಹುಟ್ಟೂರಿನ ಸೀಮೆ ಗಡಿಯಾಚೆ ಉಳಿಯಿತು. ಅಕ್ಟೋಬರಿನಲ್ಲಿ ದಾಳಿಕೋರರು ಕಾಶ್ಮೀರದ ಕಣಿವೆಯನ್ನು ಹೊಕ್ಕರು. ಅಕ್ಟೋಬರ್ 27ರಂದು ದೆಹಲಿಯಿಂದ ಹೊರಟ ಡಕೋಟಾ ವಿಮಾನಗಳು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದವು. ಆ ಬಳಿಕ ಜಮ್ಮು ಮತ್ತು ಕಾಶ್ಮೀರದಲ್ಲಿ ವಾಯುಪಡೆಯ ಕಾರ್ಯಾಚರಣೆಯ ಹೊಣೆ ಮೆಹರ್ ಸಿಂಗರಿಗೆ ದೊರೆಯಿತು.

ಆಗ ಎಲ್ಲಕ್ಕಿಂತ ಕಠಿನವಾದ ಸಮಸ್ಯೆ ಪೂಂಛ್ ಪಟ್ಟಣದ್ದು. ಸುತ್ತಲಿನ ಬೆಟ್ಟಗಳೆಲ್ಲ ಶತ್ರುಗಳ ವಶ. ರಸ್ತೆಗಳು ಕಡಿದುಹೋಗಿದ್ದವು. ಬ್ರಿಗೇಡಿಯರ್ ಪ್ರೀತಮ್ ಸಿಂಗರ ಅಲ್ಪಸೈನ್ಯದ ಆಶ್ರಯದಲ್ಲಿ ಸುಮಾರು 40,000 ನಿರಾಶ್ರಿತರು ಸೇರಿದ್ದರು. ಮನೆಮಾರು ಕಳೆದುಕೊಂಡ ಆ ಸಂಸಾರಗಳಿಗೆ ಹಸಿವು, ಚಳಿ, ಗಾಯ ಇವೇ ಸಂಗಾತಿಗಳು. ಧಾನ್ಯ ತೀರಿದರೆ ಪಟ್ಟಣ ತೀರಿತು. ಉಳಿದಿದ್ದ ದಾರಿ ಆಕಾಶವೊಂದೇ. ಆದರೆ ವಿಮಾನ ಇಳಿಯಲು ನೆಲವೆಲ್ಲಿ? ಸೈನಿಕರೂ ನಿರಾಶ್ರಿತರೂ ಕೂಡಿ ಹಗಲಿರುಳೆನ್ನದೆ ದುಡಿದು, ಹೊಲದಿಣ್ಣೆಗಳನ್ನು ಸಮಮಾಡಿ, ಸುಮಾರು 600 ಗಜದ ಒಂದು ಇಳಿದಾಣವನ್ನು ಸಿದ್ಧಪಡಿಸಿದರು. ಅದರ ಮೂರು ಕಡೆ ಹಳ್ಳಗಳು. ಇಳಿಯುವ ದಾರಿಯೋ ಬೆಟ್ಟಗಳ ನಡುವಿನ ಕಡಿದಾದ ಕಂದಕ.

ಅಂಥ ನೆಲದಲ್ಲಿ ಭಾರ ಹೊತ್ತ ಡಕೋಟಾ ಇಳಿದರೆ ಮತ್ತೆ ಏಳುವುದೆಂಬ ಭರವಸೆಯನ್ನು ಯಾರೂ ಕೊಡುವಂತಿರಲಿಲ್ಲ. ವಿಮಾನ ಮುರಿದರೆ ಇದ್ದೊಂದು ಇಳಿದಾಣವೂ ಮುಚ್ಚಿಹೋಗುತ್ತಿತ್ತು. ಈ ಕಾರ್ಯಕ್ಕೆ ಕಿರಿಯನೊಬ್ಬನನ್ನು ಕಳುಹಿಸುವ ಅಧಿಕಾರ ಮೆಹರ್ ಸಿಂಗರಿಗಿತ್ತು. ಅವರು ಆ ಅಧಿಕಾರವನ್ನು ಬಳಸಲಿಲ್ಲ. 1947ರ ಡಿಸೆಂಬರಿನಲ್ಲಿ ಮೊದಲ ಡಕೋಟಾವನ್ನು ಸ್ವತಃ ನಡೆಸಿಕೊಂಡು ಹೋಗಿ ಪೂಂಛಿನಲ್ಲಿ ಇಳಿಸಿದರು. ಮುಂದೆ ವಾಯುಪಡೆಯ ಮುಖ್ಯಸ್ಥರಾದ ಸುಬ್ರತೋ ಮುಖರ್ಜಿಯವರು ಅಂದು ಅವರ ಜೊತೆಯಲ್ಲಿದ್ದರು. ಒಂದು ಟನ್ ಭಾರ ಮಾತ್ರ ತರಬಹುದೆಂದು ಲೆಕ್ಕವಾಗಿದ್ದ ಆ ನೆಲಕ್ಕೆ ಅವರು ಮೂರು ಟನ್ ಹೊತ್ತು ಇಳಿದು ತೋರಿಸಿದರು. ನಾಯಕ ತುಳಿದ ದಾರಿಯಲ್ಲಿ ತಂಡವೆಲ್ಲ ನಡೆಯಿತು. ಬರುವಾಗ ಧಾನ್ಯ, ಔಷಧಿ, ಮದ್ದುಗುಂಡು. ಹೋಗುವಾಗ ಗಾಯಾಳುಗಳು, ಹೆಂಗಸರು, ಮಕ್ಕಳು, ಮುದುಕರು. ಶತ್ರುಗಳು ಫಿರಂಗಿ ತಂದು ಇಳಿದಾಣದ ಮೇಲೆಯೇ ಗುಂಡಿನ ಮಳೆಗರೆಯತೊಡಗಿದಾಗ, ಮೆಹರ್ ಸಿಂಗರು ರಾತ್ರಿಯ ವೇಳೆ, ಎಣ್ಣೆಯ ದೀಪಗಳ ಮಂದ ಬೆಳಕಿನಲ್ಲಿ, ವಿಮಾನದಲ್ಲಿ ತೋಪುಗಳನ್ನೇ ತಂದಿಳಿಸಿದರು. ಸಾವಿರಾರು ಜನ ಹೀಗೆ ಆಕಾಶಮಾರ್ಗವಾಗಿ ಸುರಕ್ಷಿತ ನೆಲೆ ಸೇರಿದರು. 1948ರ ನವೆಂಬರಿನಲ್ಲಿ ನೆಲದ ಮಾರ್ಗ ತೆರೆಯುವವರೆಗೆ ಪೂಂಛ್ ಉಸಿರಾಡಿದ್ದು ಆ ಪುಟ್ಟ ಇಳಿದಾಣದ ಮೂಲಕವೇ.

ಅದೇ ವರ್ಷದ ಮೇ ತಿಂಗಳಲ್ಲಿ ಲಡಾಖಿನ ಲೇಹ್ ಪಟ್ಟಣ ಆಪತ್ತಿಗೆ ಸಿಕ್ಕಿತು. ಅಲ್ಲಿದ್ದುದು ಹಿಡಿಯಷ್ಟು ಸೈನಿಕರು ಮಾತ್ರ. ಎಂಜಿನಿಯರ್ ಸೋನಂ ನೋರ್ಬು ಅವರು ಊರಿನವರ ನೆರವಿನಿಂದ ಸಿಂಧೂ ನದಿಯ ಸಮೀಪದ ಮರಳುನೆಲದಲ್ಲಿ, ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲೆ, ಇಳಿದಾಣವೊಂದನ್ನು ಸಿದ್ಧಪಡಿಸಿದ್ದರು. ಡಕೋಟಾದಲ್ಲಿ ಉಸಿರಾಟಕ್ಕೆ ಬೇಕಾದ ಸೌಕರ್ಯವಿಲ್ಲ. ರೆಕ್ಕೆಗೆ ಹಿಮಗಟ್ಟಿದರೆ ಕರಗಿಸುವ ಸಾಧನವಿಲ್ಲ. ದಾರಿ ತೋರುವ ನಕ್ಷೆಯಿಲ್ಲ. 1948ರ ಮೇ 24ರಂದು ಮೆಹರ್ ಸಿಂಗರು ಹಿಮಾಲಯದ ಶಿಖರಗಳ ನಡುವೆ ದಾರಿ ಹುಡುಕುತ್ತ ಲೇಹ್‌ನಲ್ಲಿ ವಿಮಾನವನ್ನು ಇಳಿಸಿದರು. ಅಂದು ಅವರೊಡನೆ ಇದ್ದವರು ಮಡಿಕೇರಿಯಲ್ಲಿ ಜನಿಸಿದ, ಕನ್ನಡನಾಡಿನ ಹೆಮ್ಮೆಯ ಪುತ್ರ ಮೇಜರ್ ಜನರಲ್ ತಿಮ್ಮಯ್ಯನವರು. ಭೂಸೇನೆಯ ನಾಯಕನೂ ವಾಯುಪಡೆಯ ನಾಯಕನೂ ತಮ್ಮ ಪ್ರಾಣಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಕೈಗೊಂಡ ಈ ಯಾನದ ಬಳಿಕ ಸೈನಿಕರು ಲೇಹ್‌ಗೆ ಬಂದಿಳಿದರು, ಪಟ್ಟಣ ಉಳಿಯಿತು.

ಇಷ್ಟು ಸಾಧಿಸಿದವರ ಮುಂದಿನ ದಾರಿ ಹೂವಿನದಾಗಿರಲಿಲ್ಲ. ಮೇಲಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬೆಳೆದು, 1948ರಲ್ಲಿಯೇ ಅವರು ವಾಯುಪಡೆಗೆ ರಾಜೀನಾಮೆಯಿತ್ತರು. ರಣರಂಗದಲ್ಲಿ ನಿಯಮವನ್ನು ಮೀರಿ ಮುನ್ನುಗ್ಗುವ ಗುಣ ಕಚೇರಿಯ ಶಿಸ್ತಿಗೆ ಸುಲಭವಾಗಿ ಒಗ್ಗದು. ಆ ಕಾಲಕ್ಕೆ ಅವರ ವಯಸ್ಸು ಮೂವತ್ತಮೂರು. ಬಳಿಕ ಅವರು ಪಟಿಯಾಲೆಯ ಮಹಾರಾಜರಿಗೆ ವಿಮಾನಯಾನದ ಸಲಹೆಗಾರರಾದರು. 1950ರ ಜನವರಿ 26ರಂದು, ಗಣರಾಜ್ಯದ ಪ್ರಥಮ ದಿನದಲ್ಲಿ, ಅವರಿಗೆ ಮಹಾವೀರಚಕ್ರ ಘೋಷಿತವಾಯಿತು. ಸಮವಸ್ತ್ರ ಕಳಚಿದವನ ಸೇವೆಯನ್ನು ದೇಶ ಮರೆಯಲಿಲ್ಲವೆಂಬುದೇ ಸಮಾಧಾನ.

1952ರ ಮಾರ್ಚ್ ತಿಂಗಳ ಒಂದು ರಾತ್ರಿ ಜಮ್ಮುವಿನಿಂದ ದೆಹಲಿಗೆ ಬರುತ್ತಿದ್ದಾಗ ಅವರ ಚಿಕ್ಕ ವಿಮಾನ ಬಿರುಗಾಳಿಗೆ ಸಿಕ್ಕಿ ದೆಹಲಿಯ ಸಮೀಪದಲ್ಲಿ ಬಿದ್ದಿತು. ಮೂವತ್ತೇಳು ತುಂಬಲು ಕೆಲವೇ ದಿನಗಳು ಉಳಿದಿದ್ದವು. ಹಿಮಾಲಯವನ್ನೇ ದಾಟಿದವರನ್ನು ಬಯಲುಸೀಮೆಯ ಗಾಳಿ ಕೊಂಡೊಯ್ದಿತು.

ಅವರ ಹೆಸರು ಮಾತ್ರ ಮಾಸಲಿಲ್ಲ. 2018ರಲ್ಲಿ ಭಾರತೀಯ ವಾಯುಪಡೆ, ಪ್ರಕೃತಿವಿಕೋಪಗಳಲ್ಲಿ ನೊಂದವರಿಗೆ ನೆರವು ಮುಟ್ಟಿಸಬಲ್ಲ ಡ್ರೋನ್‌ಗಳ ನಿರ್ಮಾಣಕ್ಕಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಿ, ಅದಕ್ಕೆ ಮೆಹರ್ ಬಾಬಾ ಎಂಬ ಹೆಸರನ್ನಿತ್ತಿತು. ಪೈಲಟ್ ಇಲ್ಲದ ವಿಮಾನಗಳಿಗೆ ಮಹಾಪೈಲಟ್ಟನ ಹೆಸರು. ಆದರೂ ಅದು ಉಚಿತವೇ, ಏಕೆಂದರೆ ಉದ್ದೇಶವೊಂದೇ. ಕಷ್ಟದ ಕೆಲಸಕ್ಕೆ ಅನ್ಯರನ್ನು ಕಳುಹಿಸುವ ಮೊದಲು ತಾನು ಹೋಗಿಬರುವುದು, ಗುರುತು ಪರಿಚಯವಿಲ್ಲದವರ ಮಕ್ಕಳನ್ನೂ ತನ್ನ ಮಕ್ಕಳೆಂದೇ ಬಗೆದು ಎತ್ತಿ ತರುವುದು: ಇಷ್ಟೇ ಅವರ ಜೀವನದ ಪಾಠ. ವಿದ್ಯೆ ಕಲಿಸುವವರಿಗೂ ಕಲಿಯುವವರಿಗೂ ಇದಕ್ಕಿಂತ ಹೆಚ್ಚಿನದು ಬೇಕಾಗಲಾರದು.