ಹೈನ್‌ಲೈನ್: ದಡ ಸೇರಿದ ನೌಕಾಧಿಕಾರಿ

1813ನೆಯ ಇಸವಿ ಜೂನ್ 1ರಂದು ಬಾಸ್ಟನ್ ಬಂದರಿನಾಚೆಯ ಕಡಲಿನಲ್ಲಿ ಅಮೆರಿಕದ ‘ಚೆಸಪೀಕ್’ ಯುದ್ಧನೌಕೆಗೂ ಬ್ರಿಟನ್ನಿನ ‘ಶಾನನ್’ ನೌಕೆಗೂ ಕದನವಾಯಿತು. ಕಾಲು ಗಂಟೆಯೊಳಗೇ ಮುಗಿದುಹೋದ ಕದನ. ನೌಕೆಯ ನಾಯಕ ಲಾರೆನ್ಸ್ ಮಾರಣಾಂತಿಕವಾಗಿ ಗಾಯಗೊಂಡಾಗ ವಿಲಿಯಂ ಕಾಕ್ಸ್ ಎಂಬ ಎಳೆಯ ಹಂಗಾಮಿ ಲೆಫ್ಟಿನೆಂಟನು ಅವನನ್ನು ಎತ್ತಿಕೊಂಡು ಕೆಳಗಿನ ಅಂತಸ್ತಿಗೆ ಒಯ್ದ. ಅಷ್ಟರಲ್ಲಿ ಅವನಿಗಿಂತ ಮೇಲಿನ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಿದ್ದಿದ್ದರು. ನೌಕೆಯ ಹೊಣೆ ಅವನಿಗೇ ಅರಿವಾಗದಂತೆ ಅವನ ಹೆಗಲ ಮೇಲೆ ಇಳಿದಿತ್ತು. ನಾಯಕನ ಮೇಲಣ ಭಕ್ತಿಯಿಂದ ಮಾಡಿದ ಕೆಲಸವು ಸೈನಿಕ ನ್ಯಾಯಾಲಯದ ಕಣ್ಣಿಗೆ ಕರ್ತವ್ಯಲೋಪವಾಗಿ ಕಂಡಿತು. ಕಾಕ್ಸ್ ಸೇವೆಯಿಂದ ವಜಾ ಆದ. ಕಳೆದುಕೊಂಡ ಹುದ್ದೆ ಅವನ ಹೆಸರಿಗೆ ಮರಳಿ ಬಂದುದು 1952ರಲ್ಲಿ, ಅವನು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ.

ಈ ಹಳೆಯ ವೃತ್ತಾಂತವನ್ನು ನಕ್ಷತ್ರಲೋಕದ ಯುದ್ಧವೊಂದರ ನಡುವೆ ತಂದು ನಿಲ್ಲಿಸಿದವನು ರಾಬರ್ಟ್ ಆನ್ಸನ್ ಹೈನ್‌ಲೈನ್. 1959ರಲ್ಲಿ ಪ್ರಕಟವಾದ ಅವನ ‘ಸ್ಟಾರ್‌ಷಿಪ್ ಟ್ರೂಪರ್ಸ್’ ಕಾದಂಬರಿಯಲ್ಲಿ, ಹಂಗಾಮಿ ಅಧಿಕಾರಿಗಳಾಗಿ ರಣರಂಗಕ್ಕೆ ಹೊರಟುನಿಂತ ತರುಣರಿಗೆ ಶಿಕ್ಷಣಶಾಲೆಯ ಮುಖ್ಯಸ್ಥನು ಇದನ್ನು ಕೇಳಿಸುತ್ತಾನೆ. ಆಜ್ಞೆಯ ಸರಪಳಿಯಲ್ಲಿ ಕಟ್ಟಕಡೆಯ ಕೊಂಡಿಯಾದವನು ಒಂದು ಕ್ಷಣದಲ್ಲಿ ಮೊದಲ ಕೊಂಡಿಯಾಗಬಹುದು ಎಂಬುದು ಅದರ ತಾತ್ಪರ್ಯ. ವೈಜ್ಞಾನಿಕ ಕಥೆಯೆಂದರೆ ಯಂತ್ರಗಳ ಬೆಡಗು ಎಂದು ತಿಳಿದಿರುವವರಿಗೆ ಈ ಪ್ರಕರಣ ವಿಚಿತ್ರವೆನಿಸೀತು. ಹೈನ್‌ಲೈನನ ಬಾಳನ್ನು ಬಲ್ಲವರಿಗೆ ಹಾಗೆನಿಸದು.

ಆತ ಹುಟ್ಟಿದ್ದು 1907ರ ಜುಲೈ 7ರಂದು, ಮಿಸೌರಿ ಪ್ರಾಂತದ ಬಟ್ಲರ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಕ್ಯಾನ್ಸಸ್ ಸಿಟಿಯಲ್ಲಿ. ಅನಾಪೊಲಿಸ್ಸಿನ ನೌಕಾ ವಿದ್ಯಾಲಯವನ್ನು ಸೇರಿ 1929ರಲ್ಲಿ ಪದವಿ ಪಡೆದ. ಪಾಠದಲ್ಲಿ ಅವನ ಸ್ಥಾನ ಐದನೆಯದಾಗಿದ್ದರೂ ಶಿಸ್ತಿನ ಲೆಕ್ಕದಲ್ಲಿ ಅಂಕಗಳು ಕಳೆದು, 243 ಮಂದಿಯಲ್ಲಿ 20ನೆಯವನಾಗಿ ಹೊರಬಿದ್ದ. ಆಜ್ಞಾಪಾಲನೆಯ ಮಹಾಕಾದಂಬರಿಕಾರನೆಂದು ಮುಂದೆ ಹೆಸರಾದವನ ಬಗೆಗೆ ಈ ಪುಟ್ಟ ಸಂಗತಿಯನ್ನು ಮರೆಯಬಾರದು. ‘ಲೆಕ್ಸಿಂಗ್ಟನ್’ ವಿಮಾನವಾಹಕ ನೌಕೆಯಲ್ಲಿ ಅರ್ನೆಸ್ಟ್ ಕಿಂಗ್ ಎಂಬ ಕಠಿಣ ನಾಯಕನ ಕೈಕೆಳಗೆ ಕೆಲಸಮಾಡಿದ; ಆಮೇಲೆ ‘ರೋಪರ್’ ಎಂಬ ವಿಧ್ವಂಸಕ ನೌಕೆಗೆ ಹೋದ. 1934ರಲ್ಲಿ ಕ್ಷಯರೋಗ ಅವನನ್ನು ದಡಕ್ಕೆ ತಳ್ಳಿತು. ಇಪ್ಪತ್ತೇಳು ವರ್ಷಕ್ಕೇ ನಿವೃತ್ತಿ!

ಆ ಬಳಿಕ ಕೆಲವು ವರ್ಷ ದಿಕ್ಕು ಹುಡುಕುವುದರಲ್ಲೇ ಕಳೆದವು. ಅಪ್ಟನ್ ಸಿಂಕ್ಲೇರನು ಕ್ಯಾಲಿಫೋರ್ನಿಯದ ಗವರ್ನರ್ ಹುದ್ದೆಗೆ ಸ್ಪರ್ಧಿಸಿದಾಗ ಅವನ ಸಮಾಜವಾದಿ ಚಳವಳಿಯಲ್ಲಿ ದುಡಿದ; 1938ರಲ್ಲಿ ತಾನೇ ಪ್ರಾಂತದ ಶಾಸನಸಭೆಗೆ ನಿಂತು ಸೋತ. 1939ರಲ್ಲಿ ‘ಅಸ್ಟೌಂಡಿಂಗ್’ ಮಾಸಪತ್ರಿಕೆ ಅವನ ಮೊದಲ ಕಥೆಯನ್ನು ಎಪ್ಪತ್ತು ಡಾಲರಿಗೆ ಕೊಂಡಿತು.

ಎರಡನೆಯ ಮಹಾಯುದ್ಧ ಬಂದಾಗ ಆತ ಮತ್ತೆ ಸೇವೆಗೆ ಹಾತೊರೆದ. ಆರೋಗ್ಯದ ಕಾರಣದಿಂದ ನೌಕಾದಳ ಒಪ್ಪಲಿಲ್ಲ. ಹಿಂದಿನ ನಾಯಕ ಕಿಂಗ್ ಅಮೆರಿಕದ ಇಡೀ ನೌಕಾಬಲದ ದಂಡನಾಯಕನಾಗಿ ಮೆರೆಯುತ್ತಿದ್ದ ಕಾಲದಲ್ಲಿ ಶಿಷ್ಯನು ಫಿಲಡೆಲ್ಫಿಯದ ನೌಕಾಂಗಣದ ಪ್ರಯೋಗಾಲಯದಲ್ಲಿ ಸಾದಾ ಉಡುಪಿನ ಇಂಜಿನಿಯರನಾಗಿ ಕುಳಿತಿದ್ದ. ಐಸಾಕ್ ಅಸಿಮೋವ್ ಅಲ್ಲಿ ರಸಾಯನಜ್ಞ. ಮತ್ತೊಬ್ಬ ಕಥೆಗಾರ ಸ್ಪ್ರೇಗ್ ಡಿ ಕ್ಯಾಂಪನ ಮೈಮೇಲೆ ಮೀಸಲುಪಡೆಯ ಅಧಿಕಾರಿಯ ಸಮವಸ್ತ್ರ. ಅನಾಪೊಲಿಸ್ಸಿನ ಪದವೀಧರನಿಗೆ ಮಾತ್ರ ಅದಿಲ್ಲ. ಆ ನೋವು ಅವನ ಯುದ್ಧಕಥೆಗಳ ತಳದಲ್ಲಿ ಹರಿಯುತ್ತಿದೆಯೆಂದು ನನ್ನ ಊಹೆ.

ಯುದ್ಧಾನಂತರ ಬಾಲಕರಿಗಾಗಿ ಬರೆದ ‘ಸ್ಪೇಸ್ ಕೆಡೆಟ್’ (1948) ಕಾದಂಬರಿಯಲ್ಲಿ ಅಂತರಿಕ್ಷದ ಗಸ್ತುಪಡೆಯೆಂಬ ಆಯ್ದವರ ದಳವೊಂದಿದೆ. ಅದರ ಪಕ್ಕದಲ್ಲಿ ಮೆರೀನ್ ಎಂಬ ಕಾಳಗದ ಪಡೆಯೂ ಇದೆ. ಇವುಗಳಲ್ಲಿ ಯಾವುದು ಹೆಚ್ಚು ಎಂಬ ಗೊಂದಲ ಕಥಾನಾಯಕನನ್ನು ಕಾಡುತ್ತದೆ. ಗಸ್ತುಪಡೆಯ ಕೈಯಲ್ಲಿರುವುದು ಪರಮಾಣು ಬಾಂಬು. ಹಾಗಾದರೆ ಆ ಪಡೆಯನ್ನು ಕಾಯುವವರು ಯಾರು? 1949ರ ‘ದಿ ಲಾಂಗ್ ವಾಚ್’ ಕಥೆ ಈ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಳ್ಳುತ್ತದೆ. ಚಂದ್ರನ ಮೇಲಿನ ನೆಲೆಯ ಮೇಲಧಿಕಾರಿಯೊಬ್ಬ ಬಾಂಬುಗಳ ಬಲದಿಂದ ಭೂಮಿಯನ್ನೇ ವಶಪಡಿಸಿಕೊಳ್ಳಲು ಸಂಚುಹೂಡುತ್ತಾನೆ. ಡಾಲ್‌ಕ್ವಿಸ್ಟ್ ಎಂಬ ಕಿರಿಯ ಲೆಫ್ಟಿನೆಂಟನು ಅವನ ಆಜ್ಞೆಯನ್ನು ಮೀರಿ, ಬಾಂಬುಗಳ ಉಗ್ರಾಣದಲ್ಲಿ ಒಬ್ಬನೇ ಬಾಗಿಲಿಕ್ಕಿಕೊಂಡು, ಅವುಗಳನ್ನು ಒಂದೊಂದಾಗಿ ಕೆಡಿಸಿ, ವಿಕಿರಣಕ್ಕೆ ಬಲಿಯಾಗುತ್ತಾನೆ. ಹೈನ್‌ಲೈನನನ್ನು ಬರಿಯ ಯುದ್ಧಾರಾಧಕನೆಂದು ತಳ್ಳಿಹಾಕುವವರು ಈ ಕಥೆಯನ್ನು ಓದಬೇಕು.

ಅಂಥ ಆರೋಪಕ್ಕೆ ಕಾರಣವಾದದ್ದು ‘ಸ್ಟಾರ್‌ಷಿಪ್ ಟ್ರೂಪರ್ಸ್’. 1958ರಲ್ಲಿ ಅಣ್ವಸ್ತ್ರ ಪರೀಕ್ಷೆಗಳನ್ನು ಅಮೆರಿಕ ಏಕಪಕ್ಷೀಯವಾಗಿ ನಿಲ್ಲಿಸಬೇಕೆಂಬ ಕೂಗೆದ್ದಾಗ ಆತ ಮತ್ತು ಪತ್ನಿ ವರ್ಜೀನಿಯ ಅದನ್ನು ವಿರೋಧಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಸಮಾಜವಾದಿಗಳೊಡನೆ ನಡೆದಿದ್ದವನು ಎಷ್ಟು ದೂರ ಬಂದಿದ್ದ! ಅದೇ ಆವೇಶದಲ್ಲಿ ಬರೆದ ಕಾದಂಬರಿಯನ್ನು ಅವನ ಬಾಲಸಾಹಿತ್ಯದ ಪ್ರಕಾಶಕರಾದ ಸ್ಕ್ರಿಬ್ನರ್ ಸಂಸ್ಥೆಯವರು ತಿರಸ್ಕರಿಸಿದರು; ಬೇರೊಬ್ಬರು ಅಚ್ಚುಹಾಕಿದರು. 1960ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂದಿತು.

ಅದರ ಕಥಾನಾಯಕ ಹುವಾನ್ ರಿಕೊ ಫಿಲಿಪೀನ್ಸ್ ಮೂಲದವನು. ಸೇರಿದ್ದು ಸಂಚಾರಿ ಪದಾತಿದಳ. ಯಂತ್ರಕವಚ ತೊಟ್ಟು ಆಕಾಶದಿಂದ ನೆಲಕ್ಕೆ ಬೀಳುವ ಆಯ್ದ ಭಟರ ಪಡೆ. ಇಲ್ಲಿ ಅಡಿಗೆಯವನೂ ಪಾದ್ರಿಯೂ ಕಾದಾಡಲೇಬೇಕು. ಅಧಿಕಾರಿಗಳು ಮಾತ್ರ ಬೆರಳೆಣಿಕೆಯಷ್ಟು. ಇವರನ್ನು ಒಯ್ಯುವುದೂ ಮರಳಿ ಎತ್ತಿಕೊಳ್ಳುವುದೂ ನೌಕಾದಳ. ಎರಡು ಪಡೆಗಳ ನಡುವೆ ಅಸೂಯೆ, ಗೇಲಿ, ಗುದ್ದಾಟಗಳಿದ್ದರೂ ಪ್ರಾಣ ಮಾತ್ರ ಒಂದರದು ಇನ್ನೊಂದರ ಕೈಯಲ್ಲಿ. ತಡವಾಗಿ ಮೇಲೇರಿದ ದೋಣಿಯನ್ನು ಕೈಬಿಡಲೊಲ್ಲದೆ ನೌಕೆಯ ನಾಯಕಿ ತನ್ನ ಹಡಗಿನ ಗತಿಯನ್ನೇ ಹೊಂದಿಸಿಕೊಳ್ಳುವ ಮೊದಲ ಅಧ್ಯಾಯದ ಸನ್ನಿವೇಶ ಇಡೀ ಗ್ರಂಥದ ಅತ್ಯುತ್ತಮ ಭಾಗ. ಶತ್ರುಗ್ರಹದ ಮೇಲಣ ದಾಳಿಯಲ್ಲಿ ಇದೇ ಹೊಂದಾಣಿಕೆ ಕೆಟ್ಟು, ಎರಡು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಸೇನೆ ಚೆದುರಿಹೋಗುತ್ತದೆ. ಎರಡೂ ಪಡೆಗಳ ಮೇಲೆ ಒಬ್ಬ ದಂಡನಾಯಕ. ಅವನು ಭಟರ ದಳವನ್ನೂ ಯುದ್ಧನೌಕೆಯನ್ನೂ ಸ್ವತಃ ನಡೆಸಿದವನಾಗಿರಬೇಕೆಂದು ಹೈನ್‌ಲೈನ್ ಕಲ್ಪಿಸಿದ. ನಿಜವಾದ ಸೇನೆಗಳು ಇಂದಿಗೂ ತಿಣುಕುವ ತೊಡಕಿದು.

ಆದರೆ ಸೇವೆ ಮುಗಿಸಿ ಬಂದವರಿಗಷ್ಟೇ ಮತಾಧಿಕಾರ ನೀಡುವ ಅವನ ರಾಜ್ಯವ್ಯವಸ್ಥೆಯನ್ನು ಒಪ್ಪುವುದು ಕಷ್ಟ. ಹಡಗಿಗೆ ಒಪ್ಪುವ ಕಟ್ಟಳೆ ಊರಿಗೆ ಒಪ್ಪದು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದ ಜೋ ಹಾಲ್ಡಮನ್ 1974ರಲ್ಲಿ ‘ದಿ ಫಾರೆವರ್ ವಾರ್’ ಬರೆದಾಗ ಅದನ್ನು ಹಲವರು ಹೈನ್‌ಲೈನನಿಗೆ ಕೊಟ್ಟ ಉತ್ತರವೆಂದೇ ಓದಿದರು.

ಟ್ರೂಪರ್ಸ್ ಬರೆದವನೇ ಎರಡು ವರ್ಷಗಳಲ್ಲಿ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ ಬರೆದು ಕಟ್ಟಳೆ ಮುರಿಯುವ ತರುಣರ ಆರಾಧ್ಯನಾದ. 1966ರಲ್ಲಿ ಚಂದ್ರನ ಮೇಲಿನ ಕೈದಿಗಳ ದಂಗೆಯನ್ನು ಚಿತ್ರಿಸಿದ. ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟ 1969ರ ಆ ದಿನ ಟೆಲಿವಿಷನ್ನಿನಲ್ಲಿ ಅತಿಥಿಯಾಗಿ ಕುಳಿತಿದ್ದ.

1988ರ ಮೇ 8ರಂದು ಕ್ಯಾಲಿಫೋರ್ನಿಯದ ಕಾರ್ಮೆಲ್‌ನಲ್ಲಿ ಹೈನ್‌ಲೈನ್ ತೀರಿಕೊಂಡ. ಅವನ ಚಿತಾಭಸ್ಮವನ್ನು ಶಾಂತಸಾಗರದಲ್ಲಿ ವಿಸರ್ಜಿಸಿದರು.